ಚೆಸ್ ಅಭ್ಯಾಸ ಮಾಡೋದು ಹೇಗೆ? ಕೊಪ್ಪಳದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೊಪ್ಪಳದ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಸಂಜೆ ಆರರ ಮೇಲೆ ನಮ್ಮ ಮನೆ ಮಾಳಿಗೆಗೆ ಹತ್ತು-ಹನ್ನೆರಡು ಮಕ್ಕಳು ಚೆಸ್ ಆಡೋಕೆ ಬರುತ್ತಾರೆ. ನಾನು ದೊಡ್ಡ ಆಟಗಾರನಲ್ಲ. ಆದರೆ ತುಂಬಾ ವರ್ಷ ತಪ್ಪು ದಾರಿಯಲ್ಲಿ ಅಭ್ಯಾಸ ಮಾಡಿದವನು. ಹಾಗಾಗಿ ಯಾವುದು ದಂಡ, ಯಾವುದು ಅಲ್ಲ ಅನ್ನೋದು ಸ್ವಲ್ಪ ಗೊತ್ತು. ಮಕ್ಕಳು, ಅವರ ಅಪ್ಪ-ಅಮ್ಮ, ಗಂಜ್ ಮಾರುಕಟ್ಟೆಯ ಗೆಳೆಯರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.

ದಿನಾ ಮೊಬೈಲ್‌ನಲ್ಲಿ ಹತ್ತು-ಹದಿನೈದು ಆಟ ಆಡ್ತೀನಿ. ಆದರೂ ಯಾಕೆ ಮುಂದೆ ಹೋಗ್ತಿಲ್ಲ?

ಆಡೋದು ಬೇರೆ, ಅಭ್ಯಾಸ ಬೇರೆ. ಗಾಣದ ಎತ್ತು ದಿನಕ್ಕೆ ಎಷ್ಟು ಮೈಲಿ ನಡೆದರೂ ಊರು ದಾಟುವುದಿಲ್ಲ. ಸೋತ ತಕ್ಷಣ "ಇನ್ನೊಂದು ಆಟ" ಅಂತ ಒತ್ತಿದರೆ, ಹಿಂದಿನ ಆಟದಲ್ಲಿ ಮಾಡಿದ ತಪ್ಪನ್ನೇ ಮುಂದಿನ ಆಟದಲ್ಲೂ ಮಾಡುತ್ತೀರಿ. ಹದಿನೈದು ಆಟ ಅಂದರೆ ಅದೇ ತಪ್ಪು ಹದಿನೈದು ಸಲ. ಅದು ಕೈಗೆ ರೂಢಿಯೂ ಆಗಿಬಿಡುತ್ತದೆ.

ನಮ್ಮಲ್ಲಿ ಇನ್ನೊಂದು ಚಾಳಿ ಇದೆ. ಯೂಟ್ಯೂಬ್‌ನಲ್ಲಿ ದೊಡ್ಡ ದೊಡ್ಡ ಗ್ರ್ಯಾಂಡ್‌ಮಾಸ್ಟರ್‌ಗಳ ಆಟ ನೋಡುತ್ತೇವೆ, ನಮ್ಮ ಆಟವನ್ನು ತಿರುಗಿ ನೋಡುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನೋ ಹಾಗೆ. ನಿಮ್ಮ ಮಟ್ಟಿಗೆ ಎಲ್ಲಕ್ಕಿಂತ ಬೆಲೆಬಾಳುವ ಪಾಠ ನೀವು ನಿನ್ನೆ ಸೋತ ಆಟವೇ. ಅದನ್ನು ಬೇರೆ ಯಾರೂ ಬರೆದುಕೊಡುವುದಿಲ್ಲ.

ಹಾಗಾದರೆ ಸೋತ ಆಟವನ್ನು ಏನು ಮಾಡಬೇಕು?

ಇಲ್ಲಿ ನನ್ನ ಹೊಟ್ಟೆಪಾಡಿನ ವಿದ್ಯೆ ಕೆಲಸಕ್ಕೆ ಬಂತು. ಅಂಗಡಿಯಲ್ಲಿ ಎರಡು ಪುಸ್ತಕ ಇರುತ್ತವೆ. ಒಂದು ಕಿರ್ದಿ, ದಿನದ ವ್ಯವಹಾರ ನಡೆದ ಹಾಗೇ ಬರೆಯೋದು. ಇನ್ನೊಂದು ಖತಾವಣಿ, ಅದೇ ವ್ಯವಹಾರವನ್ನು ಒಬ್ಬೊಬ್ಬರ ಹೆಸರಿಗೆ ಬೇರೆ ಮಾಡಿ ಬರೆಯೋದು. ಕಿರ್ದಿ ನೋಡಿದರೆ ಇವತ್ತು ಏನಾಯಿತು ಅಂತ ತಿಳಿಯುತ್ತದೆ. ಯಾರು ಯಾವಾಗಲೂ ಬಾಕಿ ಉಳಿಸಿಕೊಳ್ಳುತ್ತಾರೆ ಅನ್ನೋದು ಖತಾವಣಿಯಲ್ಲೇ ಕಾಣೋದು.

ಚೆಸ್‌ಗೂ ಇದೇ ಮಾಡಿಸುತ್ತೇನೆ. ಇನ್ನೂರು ಪುಟದ ಒಂದು ನೋಟ್‌ಬುಕ್. ಮುಂದಿನಿಂದ ಕಿರ್ದಿ: ಆಟದ ಎಲ್ಲ ನಡೆಗಳು, ಸೋಲಿಗೆ ಕಾರಣವಾದ ನಡೆಯ ಸುತ್ತ ಒಂದು ಗೆರೆ, ಆ ಹೊತ್ತಿಗೆ ತಲೆಯಲ್ಲಿ ಏನಿತ್ತು ಅಂತ ಎರಡು ಸಾಲು. ಹಿಂದಿನಿಂದ ಖತಾವಣಿ: ಒಂದೊಂದು ಬಗೆಯ ತಪ್ಪಿಗೆ ಒಂದೊಂದು ಪುಟ.

ಒಂದು ಉದಾಹರಣೆ ಹೇಳ್ತೀನಿ. ಭಾಗ್ಯನಗರದಿಂದ ಬರುವ ಒಬ್ಬ ಹುಡುಗ, ಏಳನೇ ಕ್ಲಾಸು. ಅವನು ಕ್ಯಾಸ್ಲಿಂಗ್ ಮಾಡಿಕೊಂಡಿದ್ದ, ಅಂದರೆ ಒಂದೇ ನಡೆಯಲ್ಲಿ ರಾಜನನ್ನು ಅಂಚಿನ ಕಡೆ ಸರಿಸಿ ಆನೆಯನ್ನು ಪಕ್ಕಕ್ಕೆ ತಂದಿದ್ದ. ರಾಜ ಜಿ1ರಲ್ಲಿ (ಅಕ್ಷರ ಉದ್ದ ಸಾಲಿನದು, ಅಂಕಿ ಅಡ್ಡ ಸಾಲಿನದು), ಮುಂದೆ ಎಫ್2, ಜಿ2, ಎಚ್2ರಲ್ಲಿ ಮೂರು ಪಾನ್‌ಗಳು, ಅಂದರೆ ಕಾಲಾಳುಗಳು, ಗೋಡೆ ಹಾಗೆ. ಮೊದಲ ಸಾಲನ್ನು ಕಾಯುತ್ತಿದ್ದುದು ಒಂದೇ ಆನೆ. ಆ ಆನೆಗೆ ಏಳನೇ ಸಾಲಿನಲ್ಲಿ ಒಂದು ಬಿಟ್ಟಿ ಪಾನ್ ಕಾಣಿಸಿತು. ಹೋಗಿ ಹೊಡೆದ. ಎದುರಿನವನ ಆನೆ ತೆರೆದ ಸಾಲಿನಲ್ಲಿ ಸರ್ರನೆ ಇಳಿದು ಮೊದಲ ಸಾಲಿಗೆ ಬಂತು, ಮಾತ್. ರಾಜನಿಗೆ ತನ್ನದೇ ಪಾನ್‌ಗಳು ಅಡ್ಡ.

ಕಿರ್ದಿಯಲ್ಲಿ ಹುಡುಗ ಬರೆದದ್ದು: "ಗಮನ ಇರಲಿಲ್ಲ." ನಾನು ಒಪ್ಪಲಿಲ್ಲ. "ಖರ್ಚು ಆಯಿತು" ಅಂತ ಬರೆದರೆ ನಮ್ಮ ಸಾಹುಕಾರರು ಒಪ್ಪುತ್ತಾರಾ? ಯಾವುದಕ್ಕೆ, ಎಷ್ಟು ಅಂತ ಬೇಕಲ್ಲ. ಮತ್ತೆ ಕೂತು ಬರೆದ: "ಪಾನ್ ಸಿಗುತ್ತೆ ಅಂತ ಖುಷಿಯಾಯಿತು. ನನ್ನ ಆನೆ ಎಲ್ಲಿಗೆ ಹೋಗುತ್ತದೆ ಅಂತ ನೋಡಿದೆ. ಎಲ್ಲಿಂದ ಹೋಗುತ್ತಿದೆ ಅಂತ ನೋಡಲಿಲ್ಲ." ಇದು ಎಂಟ್ರಿ! ಖತಾವಣಿಯಲ್ಲಿ "ಬಿಟ್ಟುಹೋದ ಜಾಗ" ಅಂತ ಒಂದು ಪುಟ ತೆರೆದೆವು. ತಿಂಗಳು ಕಳೆಯುವಷ್ಟರಲ್ಲಿ ಅದೇ ಪುಟದಲ್ಲಿ ಆರು ಆಟ ಸೇರಿದವು. ಒಂದು ಸಲ ಕುದುರೆ ಹೊರಟು ರಾಣಿಯ ಕಾವಲು ತಪ್ಪಿತ್ತು, ಇನ್ನೊಂದು ಸಲ ಒಂಟೆ. ಕಾಯಿ ಬೇರೆ, ರೋಗ ಒಂದೇ. ಆಮೇಲೆ ಅವನಿಗೆ ಏನು ಕಲಿಸಬೇಕು ಅಂತ ನಾನು ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ.

ಕಂಪ್ಯೂಟರ್ ಎಂಜಿನ್ ಹಾಕಿದರೆ ಒಂದೇ ಸೆಕೆಂಡಿಗೆ ತಪ್ಪು ತೋರಿಸುತ್ತೆ. ಇಷ್ಟೆಲ್ಲ ಬರೆಯೋದು ಯಾಕೆ?

ಎಂಜಿನ್ ಸರಿಯಾದ ನಡೆ ತೋರಿಸುತ್ತದೆ. ನೀವು ತಪ್ಪು ನಡೆ ಯಾಕೆ ಆಡಿದಿರಿ ಅನ್ನೋದು ಅದಕ್ಕೆ ಗೊತ್ತಿಲ್ಲ. ಗೈಡ್ ನೋಡಿ ಲೆಕ್ಕದ ಉತ್ತರ ಬರೆದ ಹಾಗೆ ಆಗುತ್ತದೆ ಅಷ್ಟೇ.

ವಿಶ್ವ ಚಾಂಪಿಯನ್ ಗುಕೇಶ್ ಅವರ ಮಾತೇ ತೆಗೆದುಕೊಳ್ಳಿ. ಅವರ ಕೋಚ್ ವಿಷ್ಣು ಪ್ರಸನ್ನ ಮೊದಲ ವರ್ಷಗಳಲ್ಲಿ ಅವರನ್ನು ಎಂಜಿನ್‌ನಿಂದ ದೂರವೇ ಇಟ್ಟಿದ್ದರು. ಎಲ್ಲರೂ ಹಾಗೇ ಮಾಡಬೇಕು ಅಂತ ನಾನು ಹೇಳೋದಿಲ್ಲ. ನಮ್ಮ ಮಾಳಿಗೆಯ ನಿಯಮ ಇಷ್ಟು: ಮೊದಲು ನೀವೇ ಬೋರ್ಡ್ ಮೇಲೆ ಕಾಯಿ ಇಟ್ಟು ನೋಡಿ. ಆಮೇಲೆ ಎದುರಾಳಿ ಜೊತೆ ಕೂತು ನೋಡಿ. ಕೊನೆಗೆ ಎಂಜಿನ್. ಅದು ನಿಮ್ಮ ಗೆರೆ ಎಳೆದ ನಡೆಯನ್ನೇ ತಪ್ಪು ಅಂದರೆ ಸಂತೋಷ. ಬೇರೆ ನಡೆ ತೋರಿಸಿದರೆ ಇನ್ನೂ ಒಳ್ಳೆಯದು, ಹೊಸದೇನೋ ಸಿಕ್ಕಿತು.

ಪಜಲ್ ದಿನಕ್ಕೆ ಎಷ್ಟು ಬಿಡಿಸಬೇಕು?

ಹದಿನೈದು-ಇಪ್ಪತ್ತು ನಿಮಿಷ ಸಾಕು, ಆದರೆ ದಿನಾ ಆಗಬೇಕು. ಭಾನುವಾರ ನಾಲ್ಕು ಗಂಟೆ ಕೂತು ವಾರವಿಡೀ ಬಿಟ್ಟರೆ ನಿಲ್ಲುವುದಿಲ್ಲ. ಲಿಚೆಸ್ ಅನ್ನೋ ಆಪ್ ಪೂರ್ತಿ ಉಚಿತ, ಜಾಹೀರಾತೂ ಇಲ್ಲ. ಅದರಲ್ಲಿ ಪಜಲ್‌ಗಳನ್ನು ಬಗೆಬಗೆಯಾಗಿ ಬೇರೆ ಮಾಡಿಟ್ಟಿದ್ದಾರೆ: ಕುದುರೆ ಒಂದೇ ಏಟಿಗೆ ಎರಡು ಕಾಯಿಗೆ ಕೈಹಾಕುವ ಫೋರ್ಕ್, ಹಿಂದೆ ರಾಜನಿದ್ದಾನೆ ಅಂತ ಕದಲಲಾಗದ ಪಿನ್, ಹಿಂದಿನ ಸಾಲಿನ ಮಾತ್, ಹೀಗೆ. ನಿಮ್ಮ ಖತಾವಣಿಯಲ್ಲಿ ಯಾವ ಪುಟ ದಪ್ಪ ಇದೆಯೋ ಆ ಬಗೆಯದನ್ನೇ ಆರಿಸಿಕೊಳ್ಳಿ.

ಊಹಿಸಿ ಆಡಬೇಡಿ. ಮೊದಲ ನಡೆ ಕಂಡ ಕೂಡಲೇ ಬೆರಳು ಓಡುತ್ತದೆ. ಎದುರಾಳಿಯ ಉತ್ತರ, ಅದಕ್ಕೆ ನಮ್ಮ ಉತ್ತರ, ಪೂರ್ತಿ ಕಂಡ ಮೇಲೆ ಕೈ ಹಚ್ಚಿ. ಇನ್ನೊಂದು: ಬಿಡಿಸಿದ ಪಜಲ್‌ಗಳನ್ನೇ ತಿಂಗಳ ನಂತರ ಮತ್ತೆ ಬಿಡಿಸಿ. ಮಕ್ಕಳು "ಇದು ಆಗಿದೆ ಕಾಕಾ" ಅಂತಾರೆ. ಆಗಿರಲಿ. ಮಗ್ಗಿ ಒಂದೇ ಸಲ ಹೇಳಿ ಬಿಟ್ಟಿದ್ದೀವಾ?

ಇದಕ್ಕೆ ಆಧಾರವೂ ಇದೆ. 1973ರಲ್ಲಿ ಚೇಸ್ ಮತ್ತು ಸೈಮನ್ ಅನ್ನೋ ಇಬ್ಬರು ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ನಿಜವಾದ ಆಟದ ಮಧ್ಯದ ಸ್ಥಿತಿಯನ್ನು ಐದೇ ಸೆಕೆಂಡು ತೋರಿಸಿದರೆ, ಮಾಸ್ಟರ್ ಆಟಗಾರ ಹೊಸಬನಿಗಿಂತ ಎಷ್ಟೋ ಜಾಸ್ತಿ ಕಾಯಿಗಳನ್ನು ನೆನಪಿನಿಂದ ಮತ್ತೆ ಜೋಡಿಸಿದ. ಅದೇ ಕಾಯಿಗಳನ್ನು ಅಡ್ಡಾದಿಡ್ಡಿ ಇಟ್ಟು ತೋರಿಸಿದಾಗ ಮಾಸ್ಟರ್‌ನ ಆ ಮೇಲುಗೈ ಹೊರಟೇಹೋಯಿತು. ಅಂದರೆ ಅವನ ತಲೆ ಕ್ಯಾಮೆರಾ ಅಲ್ಲ. ಕಾಯಿಗಳ ಜೋಡಣೆಗಳನ್ನು ಅವನು ಪರಿಚಯದ ಮುಖಗಳ ಹಾಗೆ ಗುರುತಿಸುತ್ತಾನೆ. ಜಾತ್ರೆಯಲ್ಲಿ ಅಷ್ಟು ಜನರ ನಡುವೆ ನಿಮ್ಮ ಓಣಿಯವರು ಥಟ್ಟನೆ ಕಾಣುತ್ತಾರಲ್ಲ, ಹಾಗೆ. ಪರಿಚಯ ಆಗಬೇಕಾದರೆ ಮತ್ತೆ ಮತ್ತೆ ಭೇಟಿ ಆಗಬೇಕು.

ಯಾವ ಓಪನಿಂಗ್ ಬಾಯಿಪಾಠ ಮಾಡಬೇಕು?

ಓಪನಿಂಗ್ ಅಂದರೆ ಆಟ ಶುರು ಮಾಡುವ ಮೊದಲ ಕೆಲವು ನಡೆಗಳು. ಹೊಸಬರಾದರೆ ಯಾವುದೂ ಬೇಡ. ನಡುವಿನ ಮನೆಗಳಲ್ಲಿ ಪಾನ್ ಇಡಿ, ಕುದುರೆ-ಒಂಟೆಗಳನ್ನು ಹೊರಗೆ ತನ್ನಿ, ಹತ್ತು ನಡೆಯೊಳಗೆ ಕ್ಯಾಸ್ಲಿಂಗ್ ಮಾಡಿ, ಕಾರಣ ಇಲ್ಲದೆ ಒಂದೇ ಕಾಯಿಯನ್ನು ಎರಡೆರಡು ಸಲ ಆಡಬೇಡಿ. ಇಷ್ಟರಲ್ಲೇ ಒಂದು ವರ್ಷ ಕಳೆಯಬಹುದು.

ನಾಲ್ಕೇ ನಡೆಯ ಮಾತ್ ಒಂದಿದೆ, ಎಲ್ಲ ಶಾಲೆಯಲ್ಲೂ ಅದನ್ನು ಕಲಿತ ಒಬ್ಬ ಹುಡುಗ ಇರುತ್ತಾನೆ, ಎಲ್ಲರನ್ನೂ ಅದರಲ್ಲೇ ಸೋಲಿಸುತ್ತಾನೆ. ಬಿಳಿ ಪಾನ್ ಇ4, ಒಂಟೆ ಸಿ4, ರಾಣಿ ಎಚ್5, ಆಮೇಲೆ ಎಫ್7ಕ್ಕೆ ನುಗ್ಗಿ ಮಾತ್. ನೀವು ಪಾನ್ ಇ5, ಕುದುರೆ ಸಿ6 ಆಡಿದ್ದೀರಿ ಅಂತಿಟ್ಟುಕೊಳ್ಳಿ. ರಾಣಿ ಎಚ್5ಕ್ಕೆ ಬಂದಾಗ ಗಾಬರಿ ಬೇಡ, ಜಿ6 ಪಾನ್ ಸರಿಸಿ. ರಾಣಿ ಎಫ್3ಕ್ಕೆ ಹೋಗಿ ಮತ್ತೆ ಎಫ್7ಕ್ಕೆ ಕಣ್ಣು ಹಾಕಿದರೆ ಕುದುರೆ ಎಫ್6. ಮುಗೀತು. ಈಗ ನಿಮ್ಮ ಎರಡು ಕುದುರೆ ಹೊರಗಿವೆ, ಅವನ ರಾಣಿ ಸುಮ್ನೆ ಓಡಾಡಿದೆ.

ಎಂಡ್‌ಗೇಮ್ ಬೋರ್ ಅಲ್ವಾ? ಅಲ್ಲಿಗೆ ಹೋಗೋ ಮೊದಲೇ ಆಟ ಮುಗಿದಿರುತ್ತೆ.

ಎಂಡ್‌ಗೇಮ್ ಅಂದರೆ ಕಾಯಿಗಳು ಕಡಿಮೆಯಾದ ಕೊನೆಯ ಹಂತ. ನನಗೂ ಅದು ಬೋರ್ ಅಂತಲೇ ಅನ್ನಿಸುತ್ತಿತ್ತು. 2024ರ ಡಿಸೆಂಬರ್ 12ರಂದು ಸಿಂಗಪುರದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಏನಾಯಿತು ನೋಡಿ. ಗುಕೇಶ್ ಮತ್ತು ಚೀನಾದ ಡಿಂಗ್ ಲಿರೆನ್, ತಲಾ ಆರೂವರೆ ಅಂಕ, ಹದಿನಾಲ್ಕನೇ ಆಟ, ಅದೇ ಕೊನೆಯದು. ಇಬ್ಬರ ಬಳಿಯೂ ಒಂದು ಆನೆ, ಒಂದು ಒಂಟೆ. ಡಿಂಗ್‌ಗೆ ಒಂದು ಪಾನ್, ಗುಕೇಶ್‌ಗೆ ಎರಡು. ಡ್ರಾ ಆಗಬಹುದಾದ ಆಟ. 55ನೇ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2ಕ್ಕೆ ತಂದರು. ಗುಕೇಶ್ ಆನೆ ಬದಲಾಯಿಸಿಕೊಂಡರು, ಮರು ನಡೆಯಲ್ಲೇ ಒಂಟೆಯನ್ನೂ ಬದಲಾವಣೆಗೆ ಎಳೆದರು. ಉಳಿದದ್ದು ಬರೀ ರಾಜರು ಮತ್ತು ಪಾನ್‌ಗಳು. ಮೂರು ನಡೆಗೆ ಡಿಂಗ್ ಸೋಲೊಪ್ಪಿದರು. 18 ವರ್ಷದ ಹುಡುಗ ವಿಶ್ವ ಚಾಂಪಿಯನ್ ಆದದ್ದು ನಾವು ಮಕ್ಕಳಿಗೆ ಕಲಿಸುವ ರಾಜ-ಪಾನ್ ಪಾಠದ ಮೇಲೆ.

ಅದರ ಮೊದಲ ಪಾಠ ಈಗಲೇ ಬೋರ್ಡ್ ಮೇಲೆ ಇಟ್ಟು ನೋಡಿ. ಬಿಳಿ ರಾಜ ಇ6, ಬಿಳಿ ಪಾನ್ ಇ5, ಕಪ್ಪು ರಾಜ ಇ8. ರಾಜ ಪಾನ್‌ಗಿಂತ ಮುಂದಿದ್ದಾನೆ. ಯಾರ ಸರದಿಯಾದರೂ ಬಿಳಿಯೇ ಗೆಲ್ಲುತ್ತದೆ. ಈಗ ಸ್ವಲ್ಪ ಬದಲಿಸಿ: ಬಿಳಿ ಪಾನ್ ಇ6, ಬಿಳಿ ರಾಜ ಅದರ ಹಿಂದೆ ಇ5, ಕಪ್ಪು ರಾಜ ಇ7, ಸರದಿ ಕಪ್ಪಿನದು. ಕಪ್ಪು ರಾಜ ನೆಟ್ಟಗೆ ಹಿಂದಕ್ಕೆ ಇ8ಕ್ಕೆ ಹೋದರೆ ಡ್ರಾ. ಡಿ8ಕ್ಕೋ ಎಫ್8ಕ್ಕೋ ಹೋದರೆ ಸೋಲು. ಒಂದು ಮನೆ ಅತ್ತಿತ್ತ, ಅಷ್ಟೇ! ಯಾಕೆ ಅಂತ ಇಬ್ಬರು ಕೂತು ಇಪ್ಪತ್ತು ಸಲ ಆಡಿ ನೋಡಿ. ರಾಜರಿಬ್ಬರೂ ಎದುರುಬದುರು ನಿಂತಾಗ ಸರದಿ ಯಾರದೋ ಅವನಿಗೇ ಕಷ್ಟ ಅನ್ನೋದು ತಾನಾಗಿ ಹೊಳೆಯುತ್ತದೆ. ಅಂಚಿನ ಎ ಮತ್ತು ಎಚ್ ಸಾಲಿನ ಪಾನ್‌ಗೆ ಮಾತ್ರ ಲೆಕ್ಕವೇ ಬೇರೆ. ಕಾಯುವ ರಾಜ ಮೂಲೆ ಹಿಡಿದುಬಿಟ್ಟರೆ ಡ್ರಾ.

ಇದಾದ ಮೇಲೆ ರಾಣಿಯಿಂದ ಮಾತ್, ಒಂದು ಆನೆಯಿಂದ ಮಾತ್. ಆಮೇಲೆ ಆನೆ-ಪಾನ್ ಆಟದಲ್ಲಿ ಲುಸೆನಾ, ಫಿಲಿಡೋರ್ ಅನ್ನೋ ಎರಡು ಸ್ಥಿತಿ. ಶಾಲಾ ಮಟ್ಟಕ್ಕೆ ಅಷ್ಟು ಸಾಕು.

ಪ್ರತಿ ನಡೆಗೂ ಮುಂಚೆ ಏನು ಯೋಚಿಸಬೇಕು?

ಎದುರಾಳಿ ಈಗ ಆಡಿದ್ದು ಯಾಕೆ? ಇದೊಂದನ್ನು ಕೇಳಿಕೊಂಡರೆ ಅರ್ಧ ಸೋಲು ತಪ್ಪುತ್ತದೆ. ಆಮೇಲೆ ಚೆಕ್, ಹೊಡೆತ, ಬೆದರಿಕೆ, ಈ ಮೂರನ್ನು ಇದೇ ಕ್ರಮದಲ್ಲಿ ನೋಡಿ, ಮೊದಲು ನಿಮ್ಮದು, ನಂತರ ಅವನದು. ನಡೆ ತೀರ್ಮಾನ ಮಾಡಿದ ಮೇಲೆ ಎರಡೂ ಕೈಯನ್ನು ತೊಡೆ ಕೆಳಗೆ ಇಟ್ಟುಕೊಂಡು ಇನ್ನೊಮ್ಮೆ ಬೋರ್ಡ್ ನೋಡಿ. ನಮ್ಮಲ್ಲಿ ಎಂಟು ವರ್ಷದವರಿಗೆ ಇದು ಕಡ್ಡಾಯ. ದೊಡ್ಡವರಿಗೂ ಮಾಡಿಸಬೇಕು ಅನ್ನಿಸುತ್ತದೆ, ಆದರೆ ಕೇಳೋರು ಯಾರು.

ಬ್ಲಿಟ್ಜ್ ಆಡಲೇಬಾರದಾ?

ಬ್ಲಿಟ್ಜ್ ಅಂದರೆ ಕೆಲವೇ ನಿಮಿಷದ ಅವಸರದ ಆಟ. ಆಡಿ. ಮಿರ್ಚಿ ತಿಂದ ಹಾಗೆ. ಅದೇ ಊಟ ಆಗಬಾರದು. ಕಲಿಯೋಕೆ ಅಂತ ಆಡುವಾಗ ಒಬ್ಬೊಬ್ಬರಿಗೆ ಕಡಿಮೆ ಅಂದರೂ 15 ನಿಮಿಷ ಇರಲಿ, ವಾರಕ್ಕೊಂದು ಆಟ ಒಂದು ಗಂಟೆಯದು ಸಿಕ್ಕರೆ ಇನ್ನೂ ಒಳ್ಳೆಯದು.

ನಮ್ಮ ಕಡೆ ಒಳ್ಳೆಯ ಕೋಚ್ ಇಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟೇ. ಆಗುತ್ತಾ?

ಚೆಸ್ ಬರಹ ಓದೋಕೆ ಎಂಟು ಅಕ್ಷರ, ಎಂಟು ಅಂಕಿ, ಐದು ಕಾಯಿಗಳ ಹೆಸರು ಸಾಕು. ಮಕ್ಕಳು ಒಂದೇ ಸಂಜೆಗೆ ಕಲಿಯುತ್ತಾರೆ. ಅಷ್ಟು ಬಂದರೆ ಯಾವ ದೇಶದ ಆಟವನ್ನಾದರೂ ಬೋರ್ಡ್ ಮೇಲೆ ಆಡಿಸಿ ನೋಡಬಹುದು.

ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದೇ 2017ರಲ್ಲಿ, ಮೈಸೂರಿನ ತೇಜ್‌ಕುಮಾರ್. ವಿಶ್ವನಾಥನ್ ಆನಂದ್ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದದ್ದು 1988ರಲ್ಲಿ. ಎಣಿಸಿ ನೋಡಿ, ಹತ್ತಿರಹತ್ತಿರ ಮೂವತ್ತು ವರ್ಷ. ಬೆಂಗಳೂರು, ಮೈಸೂರು ಇರುವ ರಾಜ್ಯಕ್ಕೇ ಇಷ್ಟು ಹೊತ್ತು ಹಿಡಿಯಿತು, ನಮ್ಮ ಭಾಗ ಇನ್ನೂ ತಡ ಆದರೆ ನಾಚಿಕೆ ಏನಿಲ್ಲ.

ಕೋಚ್‌ಗಿಂತ ಮೊದಲು ಬೇಕಾಗಿರೋದು ಜೊತೆಗಾರ. ನಿಮಗಿಂತ ಸ್ವಲ್ಪ ಚೆನ್ನಾಗಿ ಆಡುವ ಒಬ್ಬ, ನಿಮಗೆ ಸಮನಾದ ಇಬ್ಬರು. ಗಂಗಾವತಿಯಲ್ಲೋ ಕುಷ್ಟಗಿಯಲ್ಲೋ ಇದ್ದರೂ ಫೋನಿನಲ್ಲಿ ಆಟ ಹಂಚಿಕೊಂಡು ಮಾತಾಡಬಹುದು. ಆನ್‌ಲೈನ್ ಕ್ಲಾಸಿಗೆ ದುಡ್ಡು ಕಟ್ಟುವ ಮುಂಚೆ ಒಂದೇ ಪ್ರಶ್ನೆ ಕೇಳಿ: "ನಮ್ಮ ಹುಡುಗನ ಸ್ವಂತ ಆಟಗಳನ್ನು ನೋಡ್ತೀರಾ?" ಇಲ್ಲ ಅಂದರೆ ಆ ದುಡ್ಡಿಗೆ ಒಂದು ಚೆಸ್ ಗಡಿಯಾರ ಕೊಳ್ಳಿ.

ಮೊದಲ ಸಲ ಟೂರ್ನಮೆಂಟ್‌ಗೆ ಹೋಗ್ತಿದ್ದೇವೆ. ಏನು ತಿಳಿದಿರಬೇಕು?

ಮುಟ್ಟಿದ ಕಾಯಿ ಆಡಲೇಬೇಕು. ನಡೆ ಆಡಿದ ಕೈಯಿಂದಲೇ ಗಡಿಯಾರ ಒತ್ತಬೇಕು. ದೀರ್ಘ ಸಮಯದ ಆಟಗಳಲ್ಲಿ ನಡೆ ಬರೆಯುವುದು ಕಡ್ಡಾಯ. ಅಲ್ಲಿ ನಿಯಮ ತಪ್ಪಿದ ನಡೆ ಆಡಿದರೆ ಮೊದಲ ಸಲ ಎದುರಾಳಿಗೆ 2 ನಿಮಿಷ ಜಾಸ್ತಿ ಕೊಡುತ್ತಾರೆ, ಎರಡನೇ ಸಲ ಆಟವೇ ಹೋಯಿತು. ಏನೇ ಗೊಂದಲ ಇದ್ದರೂ ಗಡಿಯಾರ ನಿಲ್ಲಿಸಿ, ಕೈ ಎತ್ತಿ ಆರ್ಬಿಟರ್ (ತೀರ್ಪುಗಾರ) ಅವರನ್ನು ಕರೆಯಿರಿ. ಎದುರಿನವನ ಜೊತೆ ವಾದ ಬೇಡ.

ಫೋನ್ ಒಳಗೆ ಒಯ್ಯಬೇಡಿ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಬೆಳಿಗ್ಗೆ ರೈಲು ಹಿಡಿದು ಹುಬ್ಬಳ್ಳಿಗೆ ಹೋಗಿ ಆಡಿದ ಒಂದು ಟೂರ್ನಮೆಂಟ್. ಮೂರನೇ ರೌಂಡು, ನನಗೆ ಒಂದು ಕುದುರೆ ಜಾಸ್ತಿ, ಗೆಲ್ಲುವ ಆಟ. ಜೇಬಿನಲ್ಲಿ ಫೋನ್ ಬಾರಿಸಿತು. ಮೆಕ್ಕೆಜೋಳದ ಚೀಲದ ಲೆಕ್ಕ ತಾಳೆ ಆಗುತ್ತಿಲ್ಲ ಅಂತ ಅಂಗಡಿಯಿಂದ. ಅಲ್ಲಿಗೆ ಆಟ ಮುಗಿಯಿತು, ಸೋಲು ಬರೆದರು. ಆರ್ಬಿಟರ್ ಮಾಡಿದ್ದು ಸರಿಯೇ. ನನ್ನ ಖತಾವಣಿಯಲ್ಲಿ ಅದಕ್ಕೂ ಒಂದು ಪುಟ ಇದೆ, ದೇವರ ದಯದಿಂದ ಒಂದೇ ಎಂಟ್ರಿ.

ಫಿಡೆ ರೇಟಿಂಗ್ ಹೇಗೆ ಬರುತ್ತೆ?

ಫಿಡೆ ಅಂದರೆ ಅಂತರರಾಷ್ಟ್ರೀಯ ಚೆಸ್ ಒಕ್ಕೂಟ, ರೇಟಿಂಗ್ ಅಂದರೆ ಆಟಗಾರನ ಬಲ ತೋರಿಸುವ ಅಂಕಿ. ಮೊದಲು ಅಖಿಲ ಭಾರತ ಚೆಸ್ ಫೆಡರೇಷನ್‌ನಲ್ಲಿ ನೋಂದಣಿ ಆಗಬೇಕು. ರೇಟಿಂಗ್ ಟೂರ್ನಮೆಂಟ್‌ಗಳಲ್ಲಿ ರೇಟಿಂಗ್ ಇರುವವರ ವಿರುದ್ಧ ಕನಿಷ್ಠ 5 ಆಟ ಆಡಿರಬೇಕು, ಎಲ್ಲವೂ ಒಂದೇ ಟೂರ್ನಮೆಂಟ್‌ನಲ್ಲಿ ಆಗಬೇಕೆಂದಿಲ್ಲ. 2024ರ ಮಾರ್ಚ್‌ನಿಂದ ಕನಿಷ್ಠ ರೇಟಿಂಗ್ 1400. ಮೊದಲು ಅದು 1000 ಇತ್ತು. ಹಾಗಾಗಿ ಪಟ್ಟಿಯೊಳಗೆ ಕಾಲಿಡೋದು ಈಗ ಸ್ವಲ್ಪ ಕಷ್ಟವೇ. ಅವಸರ ಮಾಡಬೇಡಿ. ಟೂರ್ನಮೆಂಟ್ ಫೀ, ಬಸ್ಸು, ಲಾಡ್ಜು, ಊಟ ಎಲ್ಲ ಸೇರಿ ಮನೆಯ ಜೇಬಿಗೆ ಭಾರ. ಹತ್ತಿರದ ಸಣ್ಣ ಟೂರ್ನಮೆಂಟ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅಂಕ ಬರೋಕೆ ಶುರುವಾದ ಮೇಲೆ ಯೋಚಿಸಿ.

ಚೆಸ್ ಆಡಿದರೆ ಗಣಿತದಲ್ಲಿ ಮಾರ್ಕ್ಸ್ ಜಾಸ್ತಿ ಬರುತ್ತಂತೆ, ಹೌದಾ?

ಆ ಭರವಸೆ ನಾನು ಕೊಡೋದಿಲ್ಲ. ಗಣಿತದ ಮಾರ್ಕ್ಸ್ ಬೇಕಾದರೆ ಗಣಿತ ಮಾಡಿಸಿ. ಚೆಸ್ ಇಷ್ಟ ಅಂತ ಆಡಲಿ.

ನನಗೆ 42. ತಡ ಆಯಿತಾ?

ಗ್ರ್ಯಾಂಡ್‌ಮಾಸ್ಟರ್ ಆಗೋಕೆ ತಡ. ಈಗಿರುವುದಕ್ಕಿಂತ ಗಟ್ಟಿ ಆಟಗಾರ ಆಗೋಕೆ ಖಂಡಿತ ಅಲ್ಲ. ದೊಡ್ಡವರಿಗೆ ನೆನಪು ನಿಧಾನ, ಆದರೆ ಕಿರ್ದಿ ಬರೆಯುವ ತಾಳ್ಮೆ ಮಕ್ಕಳಿಗಿಂತ ಜಾಸ್ತಿ. ದಿನಕ್ಕೆ ಒಂದು ಗಂಟೆ ಇದ್ದರೆ ಇಪ್ಪತ್ತು ನಿಮಿಷ ಪಜಲ್, ಉಳಿದದ್ದು ಒಂದು ದಿನ ಆಟ, ಮರುದಿನ ಅದೇ ಆಟದ ಲೆಕ್ಕ. ಎಂಡ್‌ಗೇಮ್‌ಗೆ ಭಾನುವಾರ.

ಮಗಳು ಚೆನ್ನಾಗಿ ಆಡ್ತಾಳೆ. ಹುಡುಗರ ಜೊತೆ ಆಡಿಸಬಹುದಾ?

ಆಡಿಸಲೇಬೇಕು. ಆಂಧ್ರದ ಗುಡಿವಾಡದಂಥ ಊರಿಂದ ಬಂದ ಕೊನೇರು ಹಂಪಿ 2002ರಲ್ಲಿ, 15ನೇ ವಯಸ್ಸಿಗೆ ಗ್ರ್ಯಾಂಡ್‌ಮಾಸ್ಟರ್ ಆದರು. 2025ರ ಮಹಿಳಾ ವಿಶ್ವಕಪ್ ಫೈನಲ್‌ನಲ್ಲಿ ಅದೇ ಹಂಪಿಯವರನ್ನು ಸೋಲಿಸಿ ನಾಗಪುರದ ದಿವ್ಯಾ ದೇಶಮುಖ್ ಗೆದ್ದರು. ಎರಡೂ ಕಡೆ ನಮ್ಮ ಹುಡುಗಿಯರೇ! ನಮ್ಮ ಮಾಳಿಗೆಯಲ್ಲಿ ಸದ್ಯಕ್ಕೆ ಎಲ್ಲರಿಗಿಂತ ಅಚ್ಚುಕಟ್ಟಾದ ಖತಾವಣಿ ಇರೋದೂ ಒಬ್ಬ ಹುಡುಗಿಯದೇ.

ಸೋತರೆ ನಮ್ಮ ಹುಡುಗ ಅಳ್ತಾನೆ, ಊಟ ಬಿಡ್ತಾನೆ. ಏನು ಮಾಡೋದು?

ಅಳಲಿ ಬಿಡಿ. ಸೋತ ದಿನವೇ ಕಿರ್ದಿ ಬರೆಸಬೇಡಿ, ಮರುದಿನ ಬರೆಸಿ. "ಯಾಕೆ ಸೋತೆ?" ಅಂತ ಹಾಲ್‌ನ ಬಾಗಿಲಲ್ಲೇ ಕೇಳುವ ಅಪ್ಪಂದಿರನ್ನು ನೋಡಿದ್ದೇನೆ. ಆ ಹೊತ್ತಿಗೆ ಕೇಳಬೇಕಾದ ಪ್ರಶ್ನೆ "ಹೊಟ್ಟೆ ಹಸಿದಿದೆಯಾ ತಮ್ಮಾ?" ಅಷ್ಟೇ.

ಯಾವ ಬೋರ್ಡ್ ಕೊಳ್ಳಬೇಕು?

ಸುತ್ತಿಡಬಹುದಾದ ರೆಕ್ಸಿನ್ ಬೋರ್ಡು, ತಳದಲ್ಲಿ ತೂಕ ಇರುವ ಪ್ಲಾಸ್ಟಿಕ್ ಕಾಯಿ, ಅಂಚಿನಲ್ಲಿ ಅಕ್ಷರ-ಅಂಕಿ ಇರಲೇಬೇಕು. ಟೂರ್ನಮೆಂಟ್‌ನಲ್ಲೂ ಇಂಥದ್ದೇ ಇರುತ್ತದೆ, ಕಣ್ಣಿಗೆ ರೂಢಿಯಾಗುತ್ತದೆ. ಅಯಸ್ಕಾಂತದ ಪುಟ್ಟ ಬೋರ್ಡು ರೈಲಿಗೆ ಮಾತ್ರ. ಬಣ್ಣಬಣ್ಣದ ಮರದ ಕಾಯಿ ಬೇಕು ಅಂತ ಹಠ ಮಾಡುವ ಮಕ್ಕಳಿಗೆ, ಬೇಕಾದರೆ ಕಿನ್ನಾಳದ ಒಂದು ಗೊಂಬೆ ಕೊಡಿಸಿ. ಆಟಕ್ಕೆ ಮಾತ್ರ ಕಪ್ಪು-ಬಿಳಿಯೇ ಇರಲಿ. ಸಂಜೆ ಕರೆಂಟ್ ಹೋದರೆ ಬ್ಯಾಟರಿ ಬೆಳಕಿನಲ್ಲಿ ಅದು ಚೆನ್ನಾಗಿ ಕಾಣುತ್ತದೆ.